ಕಾರಣ ಕೊಡಿ!

ನೆಗಡಿ, ಫ್ಲೂ ಜ್ವರಗಳಿಗೆ ಕಾರಣ ವೈರಸ್‌ಗಳು. ಪ್ರತಿಜೈವಿಕ ಅಥವಾ ಆಂಟಿಬಯೋಟಿಕ್ ಔಷಧಗಳಿಂದ ವೈರಸ್ ಸಾಯುವುದಿಲ್ಲ. ಅವುಗಳ ಆಟವೆಲ್ಲ ಬ್ಯಾಕ್ಟೀರಿಯಗಳ ಮೇಲೆ. ಇದು ವೈದ್ಯರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹೊರಗೆ ರೋಗಿಗಳ ಸಾಲು, ಎದುರಿಗೆ ‘ಬೇಗ ವಾಸಿಯಾಗೋದು ಕೊಡಿ’ ಎನ್ನುವ ರೋಗಿ. ವಿವರಿಸಿ ಹೇಳುವುದಕ್ಕಿಂತ ಬರೆದುಕೊಡುವುದೇ ಸುಲಭ! ಹೀಗೆ ವೃಥಾ ಔಷಧ ನುಂಗಿದಾಗ ದೇಹದಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಗಳು ಸಾಯುತ್ತವೆ; ಔಷಧಕ್ಕೆ ಜಗ್ಗದವು ಉಳಿದು ವಂಶ ಬೆಳೆಸುತ್ತವೆ. ಮುಂದೆ ನಿಜಕ್ಕೂ ನ್ಯುಮೋನಿಯ ಬಂದಾಗ ಅದೇ ಔಷಧ ಕೈಕೊಡಬಹುದು.

ಈ ಅಭ್ಯಾಸ ಬಿಡಿಸುವುದು ಹೇಗೆ? 2011ರಿಂದ 2014ರ ನಡುವೆ ಅಮೆರಿಕದ ಬಾಸ್ಟನ್ ಮತ್ತು ಲಾಸ್ ಏಂಜಲೀಸ್‌ಗಳ 47 ಚಿಕಿತ್ಸಾಲಯಗಳಲ್ಲಿ 248 ಚಿಕಿತ್ಸಕರ ಮೇಲೆ 18 ತಿಂಗಳ ಪ್ರಯೋಗವೊಂದು ನಡೆಯಿತು. ಅಲ್ಲಿ ಔಷಧ ಬರೆಯುವುದು ಗಣಕಯಂತ್ರದಲ್ಲಿ. ಎಲ್ಲರಿಗೂ ಮೊದಲು ತಿಳಿವಳಿಕೆ ನೀಡಿ, ಬಳಿಕ ಮೂರು ಉಪಾಯಗಳನ್ನು ಕೆಲವೆಡೆ ಬಿಡಿಯಾಗಿ, ಕೆಲವೆಡೆ ಒಟ್ಟಾಗಿ ಅಳವಡಿಸಿದರು.

ಮೊದಲನೆಯದು, ‘ಇದು ಬೇಡ, ಬದಲಿಗೆ ಇದನ್ನು ಕೊಡಿ’ ಎಂದು ಪರದೆಯ ಮೇಲೆ ಮೂಡುವ ಸಲಹೆ. ಎರಡನೆಯದು, ಪರೀಕ್ಷೆಯ ಪ್ರಶ್ನೆಯಂತೆ ‘ಕಾರಣ ಕೊಡಿ’ ಎನ್ನುವ ಸೂಚನೆ. ಬರೆದ ಕಾರಣ ರೋಗಿಯ ದಾಖಲೆ ಸೇರುತ್ತದೆ. ಬರೆಯದಿದ್ದರೆ ‘ಕಾರಣ ನೀಡಿಲ್ಲ’ ಎಂದು ದಾಖಲಾಗುತ್ತದೆ. ಮೂರನೆಯದು, ಸಹೋದ್ಯೋಗಿಗಳಿಗೆ ಹೋಲಿಸಿದರೆ ನೀವು ಹೇಗಿದ್ದೀರಿ ಎಂದು ತಿಳಿಸುವ ಮಿಂಚಂಚೆ.

2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಾವ ಉಪಾಯವೂ ಇಲ್ಲದ ಕಡೆ ಅನಗತ್ಯ ಆಂಟಿಬಯೋಟಿಕ್ ಬರವಣಿಗೆ ಶೇಕಡಾ 24.1ರಿಂದ 13.1ಕ್ಕೆ ಇಳಿದಿತ್ತು. ಕಾರಣ ಕೇಳಿದಲ್ಲಿ 23.2ರಿಂದ 5.2ಕ್ಕೆ, ಹೋಲಿಕೆ ಮಾಡಿದಲ್ಲಿ 19.9ರಿಂದ 3.7ಕ್ಕೆ! ಬರೀ ಸಲಹೆಯಿಂದಲೂ ಇಳಿಕೆ ಕಂಡಿತಾದರೂ ಅದು ಆಕಸ್ಮಿಕವಲ್ಲ ಎಂದು ಗಣಿತದ ಪ್ರಕಾರ ಹೇಳುವಂತಿರಲಿಲ್ಲ. ಬುದ್ಧಿಮಾತಿಗಿಂತ ಉತ್ತರ ಹೇಳಬೇಕಾದ ಹೊಣೆಯೇ ಹೆಚ್ಚು ಕೆಲಸ ಮಾಡಿತು.

ಆದರೆ ಪ್ರಯೋಗ ಮುಗಿದು ‘ಕಾರಣ ಕೊಡಿ’ ಎಂಬ ಪ್ರಶ್ನೆ ಮರೆಯಾದ ಮೇಲೆ, ಒಂದು ವರ್ಷದಲ್ಲೇ ಆ ಪ್ರಮಾಣ ಮತ್ತೆ ಸುಮಾರು ಶೇಕಡಾ 10ಕ್ಕೆ ಏರಿತು. ಕೇಳುವವರಿಲ್ಲದಿದ್ದರೆ ಹಳೆಯ ಚಾಳಿ ಮರಳುತ್ತದೆ. ಹಾಗೆಂದು ಮಾತುಮಾತಿಗೂ ಗಣಕಯಂತ್ರ ಎಚ್ಚರಿಸುತ್ತಿದ್ದರೆ ವೈದ್ಯರು ಓದದೆಯೇ ಒತ್ತಿ ಮುಂದೆ ಹೋಗುತ್ತಾರೆ.

ವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಸಲ್ಲದು. ಆದರೆ ‘ಡಾಕ್ಟರೇ, ಇದಕ್ಕೆ ಆಂಟಿಬಯೋಟಿಕ್ ಬೇಕೇಬೇಕೆ?’ ಎಂದು ವಿನಯದಿಂದ ಕೇಳಲು ರೋಗಿಗೆ ಯಾವ ಗಣಕಯಂತ್ರವೂ ಬೇಕಿಲ್ಲ.