ಯಾರು ನೋಡುತ್ತಾರೆ ಹೆಂಗಸರ ಆಟ?

‘ಹೆಂಗಸರ ಫುಟ್‌ಬಾಲ್ ಅಂತೆ! ಯಾರ‍್ರೀ ನೋಡ್ತಾರೆ ಅದನ್ನ?’

2022ರ ಜುಲೈ 31ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಹುಡುಗಿಯರು ಜರ್ಮನಿಯನ್ನು 2-1ರಲ್ಲಿ ಸೋಲಿಸಿ ಯುರೋಪಿನ ಚಾಂಪಿಯನ್ನರಾದರು. ಆ ಸುದ್ದಿ ಟಿ.ವಿ.ಯಲ್ಲಿ ಬರುತ್ತಿದ್ದಾಗ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು ಆಡಿದ ಮಾತಿದು. ನೋಡಲು ಬಂದವರು 87,192 ಜನ ಎಂದು ನಾನು ಹೇಳಿದೆ. ಅವರು ಸೋಲೊಪ್ಪುವ ಆಸಾಮಿಯಲ್ಲ. ‘ಈಗೀಗ ಶುರುವಾಗಿದೆ, ಹೊಸದು ಅಂತ ಬರ್ತಾರೆ. ಗಂಡಸರದ್ದು ನೂರೈವತ್ತು ವರ್ಷದ ಆಟ. ಅವರಷ್ಟೇ ಸಂಬಳ ಇವರಿಗೂ ಕೊಡಿ ಅಂದ್ರೆ ಆಗುತ್ತಾ?’ ಎನ್ನುತ್ತ ಕಾಫಿ ಲೋಟ ಕೆಳಗಿಟ್ಟರು.

ನನ್ನ ಜಗಳವಿರುವುದು ಈ ‘ಈಗೀಗ ಶುರುವಾಗಿದೆ’ ಎಂಬ ಮಾತಿನ ಜೊತೆ. ನಮ್ಮ ನೆಂಟರನ್ನು ಬಿಡಿ, ಇಂಗ್ಲೆಂಡಿನಲ್ಲೇ ಬಲ್ಲವರು ಇದನ್ನು ಆಡುತ್ತಾರೆ. ಅದಕ್ಕೆ ಉತ್ತರವಾಗಿ ನಾನು ಒಬ್ಬಳ ಹೆಸರು ಹೇಳುತ್ತೇನೆ: ಲಿಲಿ ಪಾರ್.

ಲಿಲಿ ಹುಟ್ಟಿದ್ದು 1905ರಲ್ಲಿ, ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್‌ನಲ್ಲಿ. ಗಾಜಿನ ಕಾರ್ಖಾನೆಗಳ, ಕಲ್ಲಿದ್ದಲು ಗಣಿಗಳ ಊರು. ಅಪ್ಪ ಗಾಜಿನ ಕಾರ್ಖಾನೆಯ ಕೂಲಿ. ಮನೆ ತುಂಬ ಮಕ್ಕಳು. ಅಣ್ಣಂದಿರ ಜೊತೆ ಬಯಲಲ್ಲಿ ಚೆಂಡು ಒದೆಯುತ್ತ ಬೆಳೆದ ಈ ಉದ್ದನೆಯ ಹುಡುಗಿಗೆ ಎಡಗಾಲಿನಲ್ಲಿ ಗಂಡಸರೂ ಹೆದರುವಂಥ ಒದೆತವಿತ್ತು. ಹದಿನೈದು ತುಂಬುವ ಹೊತ್ತಿಗೆ ಅವಳನ್ನು ಪ್ರೆಸ್ಟನ್ ಪಟ್ಟಣದ ‘ಡಿಕ್, ಕೆರ್ ಲೇಡೀಸ್’ ತಂಡಕ್ಕೆ ಕರೆಸಿಕೊಂಡರು.

ಆ ತಂಡದ ಹೆಸರಿಗೆ ಒಂದು ಕಾರಣವಿದೆ. ಡಿಕ್, ಕೆರ್ ಎಂಬುದು ಟ್ರಾಮು, ರೈಲು ಎಂಜಿನ್ನು ತಯಾರಿಸುತ್ತಿದ್ದ ಕಂಪನಿ. 1914ರಲ್ಲಿ ಯುದ್ಧ ಶುರುವಾಗಿ ಗಂಡಸರು ರಣರಂಗಕ್ಕೆ ಹೋದರು. ಕಾರ್ಖಾನೆ ಮದ್ದುಗುಂಡಿಗೆ ತಿರುಗಿತು, ಕೆಲಸಕ್ಕೆ ಹೆಂಗಸರು ಬಂದರು. ಅಲ್ಲಿಯ ಹುಡುಗಿಯರು ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಆಡತೊಡಗಿದರು. 1917ರ ಕ್ರಿಸ್ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥ ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದಲ್ಲಿ ಆಡಿದಾಗ ಹತ್ತು ಸಾವಿರ ಜನ ಬಂದರು.

1920ರ ಡಿಸೆಂಬರ್ 26. ಲಿವರ್‌ಪೂಲಿನ ಗುಡಿಸನ್ ಪಾರ್ಕ್. ಎದುರಾಳಿ ಸೇಂಟ್ ಹೆಲೆನ್ಸ್, ಅಂದರೆ ಲಿಲಿಯ ತವರಿನ ತಂಡವೇ! ಮೈದಾನದಲ್ಲಿ 53,000 ಜನ. ಜಾಗ ಸಾಲದೆ ಗೇಟಿನಾಚೆ ಉಳಿದವರು ಇನ್ನೂ ಸಾವಿರಾರು. ಡಿಕ್, ಕೆರ್ 4-0ರಲ್ಲಿ ಗೆದ್ದರು. ಆ ಒಂದೇ ದಿನ ಮೂರು ಸಾವಿರ ಪೌಂಡಿಗೂ ಮಿಕ್ಕಿ ಹಣ ಸೇರಿತು. ಆಮೇಲೆ ಜಗತ್ತಿನಲ್ಲಿ ಹೆಂಗಸರ ಎರಡು ಕ್ಲಬ್ಬುಗಳ ಆಟಕ್ಕೆ ಇದಕ್ಕಿಂತ ಹೆಚ್ಚು ಜನ ಸೇರಿದ್ದು 2019ರಲ್ಲಿ, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ನಡುವೆ ತೊಂಬತ್ತೆಂಟು ವರ್ಷ! ‘ಯಾರು ನೋಡುತ್ತಾರೆ’ ಎನ್ನುವವರು ಈ ಲೆಕ್ಕಕ್ಕೆ ಏನು ಹೇಳುತ್ತಾರೆ?

ಆ ಆಟಕ್ಕೆ ವರ್ಷ ತುಂಬಲು ಇನ್ನೂ ಮೂರು ವಾರವಿತ್ತು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಒಂದು ಠರಾವು ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಇದಕ್ಕೆ ಉತ್ತೇಜನ ಕೊಡಬಾರದು, ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಕೂಡದು. ಇದರ ಜೊತೆಗೆ ಸಣ್ಣದೊಂದು ಬಾಲ: ಈ ಪಂದ್ಯಗಳ ಹಣ ಖರ್ಚುವೆಚ್ಚಕ್ಕೇ ಬಹಳ ಹೋಗುತ್ತದೆ, ಧರ್ಮಕಾರ್ಯಕ್ಕೆ ಸಾಕಷ್ಟು ಸಲ್ಲುತ್ತಿಲ್ಲ.

ನನಗೆ ಮುಖ್ಯವೆನಿಸುವುದು ಈ ಬಾಲವೇ. ಗಂಡಸರ ಕ್ಲಬ್ಬುಗಳು ಟಿಕೆಟ್ಟಿನ ಹಣದಲ್ಲಿ ಆಟಗಾರರಿಗೆ ಸಂಬಳ ಕೊಡುತ್ತಿದ್ದವು, ಅದನ್ನು ಯಾರೂ ತಪ್ಪೆನ್ನಲಿಲ್ಲ. ಹುಡುಗಿಯರು ಕೆಲಸದ ದಿನದ ಕೂಲಿ ಕಳೆದುಕೊಂಡು ಬಂದದ್ದಕ್ಕೆ, ರೈಲು ಚಾರ್ಜಿಗೆ ಎಂದು ಪಡೆದ ಹತ್ತು ಷಿಲಿಂಗಿನ ಮೇಲೆ ಮಾತ್ರ ಎಲ್ಲರ ಕಣ್ಣು! ಇನ್ನೊಂದು ವಿಷಯವಿದೆ. ಆ ವರ್ಷ ಕಲ್ಲಿದ್ದಲು ಗಣಿಗಳ ಮಾಲೀಕರು ಬೀಗಮುದ್ರೆ ಹಾಕಿ ಕಾರ್ಮಿಕರನ್ನು ಹೊರಗಟ್ಟಿದ್ದರು. ಹೆಂಗಸರ ತಂಡಗಳು ಆಡಿ, ಹಸಿದ ಆ ಸಂಸಾರಗಳಿಗೆ ಹಣ ಕೂಡಿಸಿಕೊಟ್ಟವು. ಗಾಯಾಳು ಸೈನಿಕನಿಗೆ ಕೊಟ್ಟಾಗ ‘ನಮ್ಮ ಹೆಣ್ಣುಮಕ್ಕಳು’ ಎಂದು ಬೆನ್ನು ತಟ್ಟಿದವರಲ್ಲಿ ಎಷ್ಟು ಜನ ಇದನ್ನು ಮೆಚ್ಚಿರಬಹುದು?

ಸೇವೆ ಎನ್ನಿ, ಹೆಣ್ಣಿಗೆ ಎಲ್ಲ ಬಾಗಿಲೂ ತೆರೆಯುತ್ತದೆ. ರಾತ್ರಿಯಿಡೀ ರೋಗಿಯ ಪಕ್ಕ ಕೂರಬಹುದು, ಸಾವಿರ ಜನಕ್ಕೆ ಬೇಯಿಸಿ ಬಡಿಸಬಹುದು, ಯಾರೂ ಮೈ ನೋಯುತ್ತದೆಯೇ ಎಂದು ಕೇಳುವುದಿಲ್ಲ. ‘ನನಗೆ ಇಷ್ಟ, ಅದಕ್ಕೇ ಆಡುತ್ತೇನೆ’ ಎಂದು ನೋಡಿ, ಆಗ ಎಲ್ಲರಿಗೂ ನಿಮ್ಮ ಆರೋಗ್ಯದ ಚಿಂತೆ!

ಆರೋಗ್ಯವೆಂದೆನಲ್ಲ, ಆಗ ಡಾಕ್ಟರುಗಳೂ ಬಾಯಿ ಹಾಕಿದರು. ಫುಟ್‌ಬಾಲಿನಿಂದ ಹೆಣ್ಣಿನ ಒಡಲು ಕೆಡುತ್ತದೆ ಎಂದರು. ಯುದ್ಧದ ನಾಲ್ಕು ವರ್ಷ ಇದೇ ಹುಡುಗಿಯರು ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ಷೆಲ್ಲು ತಯಾರಿಸಿದ್ದರು. ಎಷ್ಟೋ ಕಾರ್ಖಾನೆಗಳಲ್ಲಿ ಸಿಡಿಮದ್ದಿನ ವಿಷ ಹತ್ತಿ ಹೆಂಗಸರ ಮೈ ಅರಿಶಿನ ಬಳಿದಂತೆ ಹಳದಿಯಾಗಿತ್ತು. ಆಗ ಕೆಡದ ಒಡಲು ಚೆಂಡು ಒದ್ದರೆ ಕೆಟ್ಟುಹೋಗುತ್ತದೆಯೇ?

ನನ್ನ ಮನಸ್ಸಿಗೆ ಹೆಚ್ಚು ಚುಚ್ಚಿದ್ದು ಆ ಡಾಕ್ಟರುಗಳ ಪೈಕಿ ಒಂದು ಹೆಸರು: ಮೇರಿ ಶಾರ್ಲೀಬ್. ಈಕೆ ವಕೀಲ ಗಂಡನ ಜೊತೆ ಮದರಾಸಿಗೆ ಬಂದವಳು. ಗಂಡಸು ಡಾಕ್ಟರ ಮುಂದೆ ಬರಲಾರದೆ ನಮ್ಮ ಹೆಂಗಸರು ಹೆರಿಗೆಯಲ್ಲಿ ಸಾಯುವುದನ್ನು ಕಂಡು ಮರುಗಿ, 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ನಾಲ್ಕು ಹೆಂಗಸರಲ್ಲಿ ಒಬ್ಬಳು. ಆ ಊರಿನ ಗೋಷಾ ಆಸ್ಪತ್ರೆ ಅವಳು ಕಟ್ಟಿದ್ದು. ಹೆಣ್ಣಿನ ತಲೆಗೆ, ಮೈಗೆ ವೈದ್ಯವಿದ್ಯೆ ಭಾರವಾದೀತು ಎಂಬ ಮಾತು ಕೇಳಿಸಿಕೊಳ್ಳುತ್ತಲೇ ಓದಿದ ಕಾಲ ಅವಳದು. ಅಂಥವಳು ಮುಪ್ಪಿನಲ್ಲಿ, ಫುಟ್‌ಬಾಲು ಹೆಣ್ಣಿನ ಮೈಗೆ ಹೆಚ್ಚಾಯಿತು, ಸಲ್ಲದ ಆಟ ಎಂದುಬಿಟ್ಟಳು. ಕಷ್ಟಪಟ್ಟು ಒಂದು ಬಾಗಿಲು ದಾಟಿದವರು ಮುಂದಿನ ಬಾಗಿಲಿಗೆ ತಾವೇ ಕಾವಲು ನಿಲ್ಲುವುದು ಹೊಸತಲ್ಲ. ಅವಳ ಆಸ್ಪತ್ರೆಗೆ ಕೈಮುಗಿಯುತ್ತೇನೆ, ಈ ಮಾತನ್ನು ಮಾತ್ರ ಕ್ಷಮಿಸಲಾರೆ.

ಲಿಲಿಗೆ ಆಗ ಹದಿನಾರು. ದೊಡ್ಡ ಮೈದಾನಗಳೆಲ್ಲ ಒಂದೇ ದಿನದಲ್ಲಿ ಮುಚ್ಚಿದವು. ಬೇರೆ ಎಷ್ಟೋ ತಂಡಗಳು ಚದುರಿಹೋದವು. 1922ರಲ್ಲಿ ಡಿಕ್, ಕೆರ್ ತಂಡ ಕೆನಡಾಕ್ಕೆ ಹಡಗಿನಲ್ಲಿ ಹೋಯಿತು. ಅಲ್ಲಿಯ ಸಂಘವೂ ಆಡಬಾರದೆಂದಿತು. ಅಮೆರಿಕಕ್ಕೆ ಇಳಿದರೆ ಎದುರಿಗೆ ಗಂಡಸರ ತಂಡಗಳು. ಆಗಲಿ ಎಂದು ಅವರೊಡನೆಯೇ ಆಡಿದರು, ಕೆಲವು ಗೆದ್ದರು, ಕೆಲವು ಸೋತರು. ಊರಿಗೆ ಮರಳಿದ ಮೇಲೆ ಸಿಕ್ಕ ಬಯಲಿನಲ್ಲಿ, ರಗ್ಬಿ ಮೈದಾನದಲ್ಲಿ ಆಟ. ಹೊಟ್ಟೆಪಾಡಿಗೆ ಲಿಲಿ ಪ್ರೆಸ್ಟನ್ ಬಳಿಯ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆದಳು. (ಮತ್ತೆ ಸೇವೆ, ನೋಡಿ!) ಆದರೆ ಆಟ ಬಿಡಲಿಲ್ಲ. 1951ರ ತನಕ, ವಯಸ್ಸು ನಲವತ್ತೈದು ದಾಟುವ ತನಕ ಆಡಿದಳು. ಒಟ್ಟು ಒಂಬೈನೂರಕ್ಕೂ ಹೆಚ್ಚು ಗೋಲು ಹೊಡೆದಳೆನ್ನುತ್ತಾರೆ. ಆ ಸಂಖ್ಯೆಯ ಬಗ್ಗೆ ಈಗ ಪಂಡಿತರು ತಕರಾರು ತೆಗೆಯುತ್ತಾರೆ, ದಾಖಲೆ ಎಲ್ಲಿ ಎಂದು. ಹೌದಲ್ಲ, ಎಲ್ಲಿ? ಲೆಕ್ಕ ಬರೆಯಬೇಕಾದವರೇ ಇದು ಆಟವೇ ಅಲ್ಲವೆಂದು ಪುಸ್ತಕ ಮುಚ್ಚಿದ್ದರಲ್ಲ!

ನಿಷೇಧ ತೆಗೆದದ್ದು 1971ರಲ್ಲಿ. ಆ ಹೊತ್ತಿಗೆ ಲಿಲಿಗೆ ಅರವತ್ತಾರು, ಅವಳ ತಂಡ ಮುಚ್ಚಿ ಆರು ವರ್ಷವಾಗಿತ್ತು. 1978ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. 2002ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಕೀರ್ತಿಶಾಲಿಗಳ ಸಾಲಿಗೆ ಅವಳನ್ನು ಸೇರಿಸಿದರು, ಆ ಗೌರವ ಪಡೆದ ಮೊದಲ ಹೆಂಗಸು. 2019ರಲ್ಲಿ ಮ್ಯಾಂಚೆಸ್ಟರಿನ ಫುಟ್‌ಬಾಲ್ ಮ್ಯೂಸಿಯಂನಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದರು. ನಿಲ್ಲಿಸಲಿ, ಬೇಡವೆನ್ನುವುದಿಲ್ಲ. ಪ್ರತಿಮೆ ಮೈದಾನ ಕೇಳುವುದಿಲ್ಲ, ರೈಲು ಚಾರ್ಜೂ ಕೇಳುವುದಿಲ್ಲ.

ನಮ್ಮ ನೆಂಟರು ಹೇಳಿದ ಆ ನೂರೈವತ್ತು ವರ್ಷದ ಲೆಕ್ಕಕ್ಕೆ ಬರೋಣ. ಐವತ್ತು ವರ್ಷ ಒಬ್ಬರ ಅಂಗಡಿಗೆ ಬೀಗ ಜಡಿದು, ಆಮೇಲೆ ಬೀಗ ತೆಗೆದು, ‘ನಿನಗೆ ಗಿರಾಕಿಗಳೇ ಇಲ್ಲವಲ್ಲಮ್ಮ’ ಎಂದರೆ ಅದು ವ್ಯಾಪಾರದ ಮಾತಾಯಿತೇ? ಜನ ಬರಲಿಲ್ಲವೆಂದು ಮೈದಾನ ಮುಚ್ಚಲಿಲ್ಲ. ಬಂದ ಜನ ಕಣ್ಣಮುಂದೆಯೇ ಇದ್ದಾಗ ಮುಚ್ಚಿದರು. ಆ ಐವತ್ತು ವರ್ಷ ಗಂಡಸರ ಕ್ಲಬ್ಬುಗಳು ಗ್ಯಾಲರಿ ಕಟ್ಟಿಕೊಂಡವು, ಅಪ್ಪನಿಂದ ಮಗನಿಗೆ ಅಭಿಮಾನ ದಾಟಿಸಿದವು, ರೇಡಿಯೋ ಟಿ.ವಿ.ಗಳನ್ನು ತಮ್ಮದಾಗಿಸಿಕೊಂಡವು. ಈಗ ಸಂಬಳ ಕೇಳುವ ಹುಡುಗಿಯರು ದಾನ ಬೇಡುತ್ತಿಲ್ಲ, ಹಳೆಯ ಬಾಕಿ ಕೇಳುತ್ತಿದ್ದಾರೆ.

ಗುಡಿಸನ್ ಪಾರ್ಕಿನಲ್ಲಿ ಎವರ್ಟನ್ ಕ್ಲಬ್ಬಿನ ಹೆಂಗಸರ ತಂಡ ಈಗ ತನ್ನ ತವರು ಪಂದ್ಯಗಳನ್ನು ಆಡತೊಡಗಿದೆ, 2025ರಿಂದ. ಗಂಡಸರ ತಂಡ ಹಡಗುಕಟ್ಟೆಯ ಬಳಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋದ ಮೇಲೆ ಹಳೆಯದನ್ನು ಇವರಿಗೆ ಬಿಟ್ಟುಕೊಟ್ಟಿದ್ದಾರೆ. ಲಿಲಿ ಅಲ್ಲಿ ಆಡಿ ನೂರಾ ಐದು ವರ್ಷಗಳಾಗುತ್ತಿದ್ದವು.