ಲಿಂಕ್ ಒತ್ತಿದರೆ ಹಳೆ ಕಂಪ್ಯೂಟರ್‌ನ ರ‍್ಯಾಮ್ ದುಪ್ಪಟ್ಟಾಗುತ್ತದೆಯೇ?

‘ನಿಮ್ಮ ಹಳೆ ಕಂಪ್ಯೂಟರ್ ನಿಧಾನವಾಗಿದೆಯೇ? ಹೊಸದು ಕೊಳ್ಳಬೇಡಿ. ಈ ಲಿಂಕ್ ಒತ್ತಿ, ಚಿಕ್ಕ ಸಾಫ್ಟ್‌ವೇರ್ ಹಾಕಿಕೊಳ್ಳಿ, ರ‍್ಯಾಮ್ ದುಪ್ಪಟ್ಟಾಗುತ್ತದೆ. ಎಲ್ಲರಿಗೂ ಶೇರ್ ಮಾಡಿ.’

ಇಂಥದೊಂದು ಸಂದೇಶ ನಜರ್‌ಬಾದ್‌ನ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಫೋನ್ ಹಿಡಿದುಕೊಂಡೇ ಬಂದರು. ‘ನೋಡಮ್ಮ, ಇದನ್ನ ಒತ್ತಿದ್ರೆ ಸರಿಹೋಗುತ್ತಂತೆ. ಒತ್ತಲಾ?’ ಎಂದರು. ‘ಬೇಡಿ ಸರ್, ಸ್ವಲ್ಪ ತಡೀರಿ’ ಎಂದೆ. ಅವರ ಕಂಪ್ಯೂಟರ್‌ನಲ್ಲಿ ಹತ್ತಾರು ವರ್ಷ ನುಡಿಯಲ್ಲಿ ಟೈಪ್ ಮಾಡಿಟ್ಟ ಬರಹಗಳಿವೆ, ಪಿಂಚಣಿ ಕಾಗದಗಳಿವೆ. ಬ್ಯಾಂಕಿನ ಕೆಲಸವೂ ಅದರಲ್ಲೇ ನಡೆಯುತ್ತದೆ. ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ‘ಇದು ಗುಜರಿಗೇ ಸರಿ, ಹೊಸದು ತಗೊಳ್ಳಿ’ ಎಂದಿದ್ದರಂತೆ.

ಸಂದೇಶ ಹೇಳಿದ್ದು ಸುಳ್ಳು. ಅಂಗಡಿಯವರು ಹೇಳಿದ್ದೂ ಪೂರ್ತಿ ನಿಜವಲ್ಲ.

ರ‍್ಯಾಮ್ ಎಂದರೇನು?

ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ದಿನಸಿ ಇಡುವ ಉಗ್ರಾಣವೇ ಹಾರ್ಡ್ ಡಿಸ್ಕ್. ತರಕಾರಿ ಹೆಚ್ಚುವ, ಪಾತ್ರೆ ಇಡುವ ಕಟ್ಟೆಯೇ ರ‍್ಯಾಮ್. ಕಟ್ಟೆ ಚಿಕ್ಕದಿದ್ದರೆ ಪ್ರತಿ ಸಾಮಾನಿಗೂ ಉಗ್ರಾಣಕ್ಕೆ ಓಡಾಡಬೇಕು. ಕಂಪ್ಯೂಟರ್ ಕೂಡ ರ‍್ಯಾಮ್ ತುಂಬಿದಾಗ ಹಾಗೆಯೇ ಮಾಡುತ್ತದೆ. ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ.

ತೊಂದರೆ ಇರುವುದು ಈ ಓಡಾಟದಲ್ಲಿ. ರ‍್ಯಾಮ್‌ನಿಂದ ಮಾಹಿತಿ ತೆಗೆಯಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಒಂದು ಲಕ್ಷ ಪಟ್ಟು ಹೆಚ್ಚು.

ರ‍್ಯಾಮ್ ಎಂಬುದು ಮದರ್‌ಬೋರ್ಡಿಗೆ ಸಿಕ್ಕಿಸುವ ಚಿಪ್‌ಗಳ ಪಟ್ಟಿ. ಡೌನ್‌ಲೋಡ್ ಮಾಡಿದರೆ ಅಡುಗೆಮನೆಯ ಕಟ್ಟೆ ಉದ್ದವಾಗುವುದಿಲ್ಲ, ರ‍್ಯಾಮ್ ಕೂಡ ಹೆಚ್ಚುವುದಿಲ್ಲ.

ಹಳೆಯ ಸುಳ್ಳು, ಹೊಸ ಫಾರ್ವರ್ಡ್

ಈ ಆಸೆ ಇವತ್ತಿನದಲ್ಲ. 1984ರಲ್ಲಿ ಭಾರತದ ಶಾಲೆಗಳಿಗೆ ಕಂಪ್ಯೂಟರ್ ತರಲು ‘ಕ್ಲಾಸ್’ ಎಂಬ ಯೋಜನೆ ಶುರುವಾಯಿತು. ಅದರಲ್ಲಿ ಬಳಸಿದ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಿದ್ದ ರ‍್ಯಾಮ್ 32 ಕೆಬಿ ಮಾತ್ರ. ಮೇಷ್ಟ್ರ ಕಂಪ್ಯೂಟರ್‌ನಲ್ಲಿರುವ 2 ಜಿಬಿ ಅದರ 65,536 ಪಟ್ಟು. ಆದರೂ ಇಂದಿನ ಬ್ರೌಸರ್‌ಗೆ ಅದು ಸಾಲದು.

1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಕಂಪನಿ ‘ಸಾಫ್ಟ್‌ರ‍್ಯಾಮ್ 95’ ಎಂಬ ಸಾಫ್ಟ್‌ವೇರ್ ಮಾರಿತು. ಮಾಹಿತಿಯನ್ನು ಕುಗ್ಗಿಸಿಟ್ಟು ರ‍್ಯಾಮ್ ಅನ್ನು ದುಪ್ಪಟ್ಟು ಮಾಡುತ್ತದೆ ಎಂಬುದು ಅದರ ಜಾಹೀರಾತು. ಲಕ್ಷಗಟ್ಟಲೆ ಜನ ಕೊಂಡರು. ತಜ್ಞರು ಬಿಚ್ಚಿ ನೋಡಿದಾಗ ವಿಂಡೋಸ್ 95ರಲ್ಲಿ ಅದು ಏನನ್ನೂ ಕುಗ್ಗಿಸುತ್ತಿರಲಿಲ್ಲ. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು.

ಅಂದು ಹೋಗಿದ್ದು ಹಣ ಮಾತ್ರ. ಇಂದು ಗುರುತು ಪರಿಚಯವಿಲ್ಲದ ಲಿಂಕ್‌ನಿಂದ ಬಂದ ಸಾಫ್ಟ್‌ವೇರ್ ಪಾಸ್‌ವರ್ಡ್ ಕದಿಯಬಹುದು, ಕಡತಗಳಿಗೆ ಬೀಗ ಹಾಕಿ ಹಣ ಕೇಳಬಹುದು. ‘ಉಚಿತ’ ಎಂಬುದು ಇಲ್ಲಿ ತುಂಬಾ ದುಬಾರಿ.

ಪೆನ್ ಡ್ರೈವ್ ಹಾಕಿದರೆ? ಫೋನಿನ ‘8+8 ಜಿಬಿ’?

ಪೆನ್ ಡ್ರೈವ್ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ರೆಡಿಬೂಸ್ಟ್ ಎಂಬ ಸೌಲಭ್ಯವಿತ್ತು. ಪದೇಪದೇ ಬೇಕಾಗುವ ಮಾಹಿತಿಯ ಒಂದು ಪ್ರತಿಯನ್ನು ಅದು ಪೆನ್ ಡ್ರೈವ್‌ನಲ್ಲಿ ಇಡುತ್ತದೆ. ರ‍್ಯಾಮ್ ತೀರಾ ಕಡಿಮೆ ಇದ್ದಾಗ ಅಲ್ಪ ಸಹಾಯವಾಗಬಹುದು, ಆದರೆ ಪೆನ್ ಡ್ರೈವ್ ರ‍್ಯಾಮ್ ಆಗುವುದಿಲ್ಲ.

ಫೋನ್ ಜಾಹೀರಾತಿನ ‘8+8 ಜಿಬಿ’ ಲೆಕ್ಕವೂ ಹೀಗೆಯೇ. ಮೊದಲ 8 ನಿಜವಾದ ರ‍್ಯಾಮ್. ಎರಡನೆಯ 8, ಫೋಟೊ ವಿಡಿಯೊ ಇಡುವ ಜಾಗದಿಂದ ಪಡೆದ ಕಡ. ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಉಳಿಸಿಕೊಳ್ಳಲು ಅದು ಒಂದಿಷ್ಟು ನೆರವಾಗುತ್ತದೆ. 16 ಜಿಬಿ ಫೋನ್ ಎಂದು ನಂಬಿ ಹೆಚ್ಚು ಬೆಲೆ ಕೊಡಬೇಡಿ.

ಹಾಗಾದರೆ ನಿಜವಾಗಿ ಹೆಚ್ಚಿಸುವುದು ಹೇಗೆ?

ಹಣ ಖರ್ಚು ಮಾಡುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ.

1. ಕೊರತೆ ರ‍್ಯಾಮ್‌ನದ್ದೇ? ದಿನನಿತ್ಯದ ಕೆಲಸ ತೆರೆದಿಟ್ಟುಕೊಂಡು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ಸದಾ ಬಹುತೇಕ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಿದರೆ ಉಪಯೋಗ. ಮೆಮೊರಿ ಖಾಲಿ ಇದ್ದೂ ಕಂಪ್ಯೂಟರ್ ತೆವಳುತ್ತಿದ್ದರೆ ತಪ್ಪು ಹಳೆ ಹಾರ್ಡ್ ಡಿಸ್ಕಿನದ್ದಿರಬಹುದು. ಆಗ ಎಸ್‌ಎಸ್‌ಡಿ ಹಾಕಿಸುವುದು ಮೇಲು.

2. ಯಾವ ಬಗೆಯ ರ‍್ಯಾಮ್? ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಕೆಳಗಿನ ಕಚ್ಚು ಬೇರೆಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪಿನ ಪಟ್ಟಿ ಇನ್ನೂ ಚಿಕ್ಕದು. ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ದು ತೋರಿಸುವುದು ಸುಲಭ.

3. ಎಷ್ಟು ಹಿಡಿಯುತ್ತದೆ? ಎಷ್ಟು ಸ್ಲಾಟ್ ಖಾಲಿ ಇವೆ, ಮದರ್‌ಬೋರ್ಡ್ ಗರಿಷ್ಠ ಎಷ್ಟು ಒಪ್ಪುತ್ತದೆ ಎಂದು ಅದರ ಮಾಡೆಲ್ ಸಂಖ್ಯೆಯಿಂದ ತಿಳಿಯಬಹುದು.

4. ವಿಂಡೋಸ್ 32 ಬಿಟ್ಟೇ, 64 ಬಿಟ್ಟೇ? ಅನೇಕರು ಮೋಸಹೋಗುವುದು ಇಲ್ಲಿಯೇ. 32 ಬಿಟ್ ವಿಂಡೋಸ್ ಗುರುತಿಸಬಲ್ಲ ವಿಳಾಸಗಳು ಸುಮಾರು 429 ಕೋಟಿ, ಅಂದರೆ 4 ಜಿಬಿ. ಅದರಲ್ಲೂ ಒಂದು ಪಾಲು ಬೇರೆ ಭಾಗಗಳಿಗೆ ಮೀಸಲು. 8 ಜಿಬಿ ಹಾಕಿಸಿದರೂ ಸಾಮಾನ್ಯವಾಗಿ ಬಳಕೆಗೆ ಸಿಗುವುದು 3ರಿಂದ 3.5 ಜಿಬಿ.

ಕೆಲಸಕ್ಕೆ ಕೈಹಾಕುವ ಮೊದಲು ಕಡತಗಳ ಪ್ರತಿ ತೆಗೆದಿಡಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಕಚ್ಚು ಹೊಂದಿಸಿ, ಎರಡೂ ತುದಿಯ ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ. ಪರದೆ ಬರದೆ ಬೀಪ್ ಸದ್ದು ಬಂದರೆ ಹೆದರಬೇಡಿ, ಪಟ್ಟಿ ಸರಿಯಾಗಿ ಕೂತಿರಲಿಕ್ಕಿಲ್ಲ. ತೆಗೆದು ಮತ್ತೆ ಕೂರಿಸಿ.

ರ‍್ಯಾಮ್ ಸರಿಪಡಿಸಲಾಗದ್ದು

ವೇಗ ಬೇರೆ, ಸುರಕ್ಷತೆ ಬೇರೆ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ಅಪ್‌ಡೇಟ್ ಬರದ ಕಂಪ್ಯೂಟರ್‌ಗೆ ಎಷ್ಟೇ ರ‍್ಯಾಮ್ ಹಾಕಿದರೂ ಬ್ಯಾಂಕ್ ವ್ಯವಹಾರಕ್ಕೆ ಅದು ಸುರಕ್ಷಿತವಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕೆಂದರೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಳೆ ಯಂತ್ರಗಳಲ್ಲಿ ಅದು ಇರುವುದಿಲ್ಲ. ಅಂಥವಕ್ಕೆ ಉಚಿತ ಲಿನಕ್ಸ್ ಒಳ್ಳೆಯ ದಾರಿ. ಅದರಲ್ಲಿ ಯೂನಿಕೋಡ್ ಕನ್ನಡವನ್ನು ಕಗಪ ಕೀಲಿಮಣೆಯಲ್ಲೇ ಟೈಪ್ ಮಾಡಬಹುದು. ನುಡಿಯ ಹಳೆ ಫಾಂಟಿನ ಬರಹಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಮೇಷ್ಟ್ರ ಕಂಪ್ಯೂಟರ್‌ನಲ್ಲಿ ಎರಡು ಸ್ಲಾಟ್ ಇದ್ದವು, ಒಂದು ಖಾಲಿ ಇತ್ತು. ಪ್ರೊಸೆಸರ್ 64 ಬಿಟ್‌ನದ್ದಾದರೂ ವಿಂಡೋಸ್ 7 ಮಾತ್ರ 32 ಬಿಟ್‌ನದ್ದು. ಮೊದಲು ಬರಹಗಳನ್ನೆಲ್ಲ ಬೇರೆ ಡಿಸ್ಕಿಗೆ ಪ್ರತಿ ಮಾಡಿಟ್ಟೆವು. ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ಪಟ್ಟಿ ಹಾಕಿ, 64 ಬಿಟ್ ಲಿನಕ್ಸ್ ಕೂರಿಸಿದೆವು. ಈಗ ಬ್ರೌಸರ್ ಬೇಗ ತೆರೆಯುತ್ತದೆ, ಟೈಪ್ ಮಾಡಿದ ಅಕ್ಷರ ತಡವಿಲ್ಲದೆ ಮೂಡುತ್ತದೆ. ದೊಡ್ಡ ವಿಡಿಯೊಗಳು ಇನ್ನೂ ತಡವರಿಸುತ್ತವೆ, ಏಕೆಂದರೆ ಪ್ರೊಸೆಸರ್ ಹಳೆಯದೇ.

ಎಲ್ಲ ಯಂತ್ರವೂ ಹೀಗೆ ಉಳಿಯುವುದಿಲ್ಲ. ಮದರ್‌ಬೋರ್ಡೇ ಕೆಟ್ಟಿದ್ದರೆ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡರ ಬೆಲೆ ಸೇರಿ ಹೊಸದರ ಅರ್ಧಕ್ಕೆ ಬರುತ್ತಿದ್ದರೆ ಹೊಸದೇ ಲೇಸು.

ಗುಂಪಿಗೆ ಮೇಷ್ಟ್ರು ತಾವೇ ಉತ್ತರ ಬರೆದರು: ‘ರ‍್ಯಾಮ್ ಲಿಂಕಿನಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ ಸಿಗುತ್ತದೆ. ಯಾರೂ ಒತ್ತಬೇಡಿ.’ ಅಂಥ ಸಂದೇಶ ನಿಮಗೂ ಬಂದರೆ ಇಷ್ಟನ್ನು ಮರಳಿ ಕಳುಹಿಸಿ.