ಪಾಸ್‌ಪೋರ್ಟ್‌ನಲ್ಲಿ ಹೆಸರು ಪೂರ್ತಿ ಇರಲಿ



ಮಕ್ಕಳನ್ನು ನೋಡಲೆಂದು ದುಬೈ, ಮಸ್ಕತ್‌ಗೆ ಹೋಗಿಬರುವ ತಂದೆ-ತಾಯಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಹಳ್ಳಿಗಳಲ್ಲೂ ಈಗ ಅಪರೂಪವಲ್ಲ. ವೀಸಾಕ್ಕೆ ಅವಸರಪಡುವ ಮಂದಿ ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೆಂದು ನೋಡುವುದೇ ಇಲ್ಲ. ನಮ್ಮ ಹಿರಿಯ ಹೆಣ್ಣುಮಕ್ಕಳ ದಾಖಲೆಗಳ ಪಾಡಂತೂ ಕೇಳುವುದೇ ಬೇಡ: ಆಧಾರ್‌ನಲ್ಲಿ ‘ನೀಲವ್ವ’, ರೇಷನ್ ಕಾರ್ಡಿನಲ್ಲಿ ‘ನೀಲಮ್ಮ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು, ಅಡ್ಡಹೆಸರು ಎಲ್ಲ ಸೇರಿದ ಉದ್ದನೆಯ ಸಾಲು. ಪಾಸ್‌ಪೋರ್ಟ್‌ ಅರ್ಜಿಯಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟರೆ ತೊಡಕು ಗೊತ್ತಾಗುವುದು ವಿಮಾನ ನಿಲ್ದಾಣದಲ್ಲೇ. ಒಂಟಿ ಹೆಸರಿನ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ತಂದೆಯ ಇಲ್ಲವೇ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ನಡೆದೀತು ಎಂದು ಆಮೇಲೆ ಸಡಿಲಿಸಿತು.

ದುಡಿಯಲು ಹೋಗುವವರ ಕಷ್ಟ ಬೇರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಕುವೈತ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕೇಬೇಕು. ‘ವಿಸಿಟ್ ವೀಸಾದ ಮ್ಯಾಲೆ ಹೋಗು, ಮುಂದಿಂದು ಅಲ್ಲೇ ನೋಡೂಣು’ ಎನ್ನುವ ದಲ್ಲಾಳಿಯನ್ನು ನಂಬಬಾರದು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳಿದರೆ ಅದು ಸುಲಿಗೆಯೇ.

ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ‘ಇಮೈಗ್ರೇಟ್’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ಹಳ್ಳಿಯ ಹುಡುಗರಿಗೆ ಹೇಳುವವರಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಆಧಾರ್ ತಿದ್ದುಪಡಿ ಶಿಬಿರ ನಡೆದಾಗಲಾದರೂ ಜಿಲ್ಲಾಡಳಿತ ಇಷ್ಟನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಲಿ.

– ಒಬ್ಬ ಓದುಗ, ಕರ್ಜಗಿ, ಹಾವೇರಿ ತಾಲ್ಲೂಕು